ವಾಪಸ್ ಹೋಗೋಣ ಸಾರ್

ಕೊಡಗಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುವುದರ ಜೊತೆಗೆ ಸ್ಕೌಟ್ಸ್ ದಳದ ಹೊಣೆಯನ್ನೂ ಹೊತ್ತಿರುವ ನಾನು, ಚಾರಣದಲ್ಲಿ ಮಕ್ಕಳಿಗೆ ಧೈರ್ಯ ತುಂಬುವುದೇ ಶಿಕ್ಷಕನ ಕೆಲಸವೆಂದು ಬಹುಕಾಲ ನಂಬಿದ್ದೆ. ಆ ನಂಬಿಕೆ ಕದಲಿದ್ದು ತಡಿಯಂಡಮೋಳು ಬೆಟ್ಟದ ಹಾದಿಯಲ್ಲಿ.

ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ, ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆಯಿಂದ ನಾವು ಅಂದು ಬೆಳಿಗ್ಗೆ ಹೊರಟಿದ್ದೆವು. 1748 ಮೀಟರ್ ಎತ್ತರದ ಈ ಬೆಟ್ಟ ಕೊಡಗಿನಲ್ಲೇ ಅತಿ ಎತ್ತರದ್ದು. ಕೊನೆಯ ಏರಿಗೆ ಮುಂಚಿನ ಹುಲ್ಲುಗಾವಲು ತಲುಪಿದಾಗ, ಎಂಟನೇ ತರಗತಿಯ ಪೆಟ್ರೋಲ್ ಲೀಡರ್, ಅಂದರೆ ದಳದೊಳಗಿನ ಸಣ್ಣ ತಂಡವೊಂದರ ನಾಯಕ (ಈ ಪದ ಕೇಳಿದಾಗಲೆಲ್ಲ ಉಳಿದ ಮಕ್ಕಳಿಗೆ ಬಂಕ್ ನೆನಪಾಗಿ ನಗು) ನನ್ನ ಬಳಿ ಬಂದು, "ಸಾರ್, ಮಂಜು ಇಳೀತಾ ಇದೆ, ವಾಪಸ್ ಹೋಗೋಣ" ಎಂದ. "ಇನ್ನೇನು ಬಂದೇ ಬಿಡ್ತು, ನಡಿ" ಎಂದೆ ನಾನು.

ಕಾಲು ಗಂಟೆಯಲ್ಲಿ ಹತ್ತು ಹೆಜ್ಜೆ ಮುಂದಿನವನೂ ಕಾಣದಾದ. ಅವಸರದಲ್ಲಿ ಇಳಿಯಹೊರಟು, ಹುಲ್ಲಿನಲ್ಲಿ ಕವಲೊಡೆದ ಕಾಲುದಾರಿಗಳಲ್ಲಿ ತಪ್ಪಾದದ್ದನ್ನು ಹಿಡಿದೆವು. ಆಗ ಎಲ್ಲರನ್ನೂ ಒತ್ತಾಗಿ ಕೂರಿಸಿ, ಹೆಸರು ಕೂಗಿ ಎಣಿಸಿ, ನೆನೆದು ನಡುಗುತ್ತಿದ್ದ ಚಿಕ್ಕವನಿಗೆ ತನ್ನ ಒಣ ಸ್ವೆಟರ್ ತೊಡಿಸಿದವನು ಅದೇ ಹುಡುಗ. ಮಂಜು ಸರಿಯಲು ಮುಕ್ಕಾಲು ಗಂಟೆ ಹಿಡಿಯಿತು.

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಶಿಬಿರದಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ ಹಂಚಿ, ಪ್ರತಿಯೊಂದಕ್ಕೂ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿದ್ದನ್ನು ನಾನು ಪ್ರತಿ ವರ್ಷ ವಿವರಿಸುತ್ತೇನೆ. ಆದರೆ ನಮ್ಮ ಲೀಡರುಗಳಿಗೆ ನಾನು ಕೊಟ್ಟಿದ್ದ ಅಧಿಕಾರ ಹಾಜರಿ ತೆಗೆಯುವಷ್ಟಕ್ಕೇ ಸೀಮಿತವಾಗಿತ್ತು. ಹದಿಮೂರರ ಹುಡುಗನಿಗೆ ಬೆಟ್ಟ ಹತ್ತುವುದಕ್ಕಿಂತ, ಗೆಳೆಯರೆಲ್ಲ ತುದಿಯತ್ತ ನೋಡುತ್ತಿರುವಾಗ ಮೇಷ್ಟ್ರ ಎದುರು ನಿಂತು ಬೇಡವೆನ್ನುವುದು ಕಷ್ಟ. ಅಂಥದ್ದನ್ನು ಮಾಡಿದವನ ಮಾತನ್ನು ನಾನು ಅಳುಕೆಂದು ತಿಳಿದೆ.

ಮುಂದಿನ ವಾರದ ಸಭೆಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು, ಒಂದು ನಿಯಮ ಮಾಡಿದೆವು. ಚಾರಣದ ಹಿಂದಿನ ಸಂಜೆ, ಎಷ್ಟು ಹೊತ್ತಿಗೆ ಎಲ್ಲಿದ್ದರೂ ಹಿಂತಿರುಗಬೇಕೆಂಬುದನ್ನು ಲೀಡರುಗಳೇ ನಿರ್ಧರಿಸಿ ಬರೆದಿಡಬೇಕು. ಅದಕ್ಕೂ ಮೊದಲೇ ಅವರಲ್ಲಿ ಯಾರಾದರೂ ಮರಳೋಣವೆಂದರೆ, ಕೆಳಗೆ ಇಳಿಯುವವರೆಗೆ ಕಾರಣ ಕೇಳುವಂತಿಲ್ಲ. ಮುಂದೆ ಹೋಗೋಣವೆಂದರೆ ತಡೆಯುವ ಹಕ್ಕು ಮಾತ್ರ ನನ್ನಲ್ಲೇ ಉಳಿಯಿತು, ಏಕೆಂದರೆ ಮಕ್ಕಳ ಸುರಕ್ಷತೆಗೆ ಕೊನೆಗೂ ಉತ್ತರ ಹೇಳಬೇಕಾದವನು ನಾನು.

ಮರುವರ್ಷ ಅದೇ ಬೆಟ್ಟ, ಶುಭ್ರ ಆಕಾಶ, ಕಣ್ಣೆದುರೇ ತುದಿ. ಹನ್ನೆರಡೂವರೆಗೆ ಹೊಸ ಲೀಡರ್ ಗಡಿಯಾರ ನೋಡಿ ನಿಂತುಬಿಟ್ಟ. ಹುಡುಗರು ಗೊಣಗಿದರು, ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಸಿಟ್ಟು ಬಂತು. ಅರಮನೆಯ ಬಳಿ ಚಿತ್ರಾನ್ನದ ಡಬ್ಬಿ ಬಿಚ್ಚಿದ ಮೇಲೆ, ಇಷ್ಟು ಹತ್ತಿರ ಬಂದು ಯಾಕಪ್ಪಾ ನಿಲ್ಲಿಸಿದೆ ಎಂದು ಕೇಳಿದೆ.

"ಟೈಮ್ ಆಗಿತ್ತಲ್ಲ ಸಾರ್," ಎಂದು ಹೇಳಿ ಅವನು ಊಟ ಮುಂದುವರಿಸಿದ.