ತಟ್ಟೆಯಷ್ಟಗಲ ಹಳದಿ

ನಮ್ಮದು ಐದು ಹಸುಗಳ ಕೊಟ್ಟಿಗೆ, ಕೋಲಾರದ ಕಡೆ. ಹಿಂಡಿ ಖರ್ಚು ತಗ್ಗಲಿ ಅಂತ 10 ಗುಂಟೆಗೆ ಕುದುರೆ ಮಸಾಲೆ ಅನ್ನೋ ಮೇವಿನ ಬೆಳೆ ಹಾಕಿದ್ದೆ. ಲೂಸರ್ನ್ ಅಂದರೂ ಅದೇ. ಒಣತೂಕದಲ್ಲಿ ನೂರಕ್ಕೆ 18–20 ಪಾಲು ಪ್ರೋಟೀನ್. ಬೇರುಗಂಟಿನಲ್ಲಿ ಸಾರಜನಕ ಕೂಡಿಡುವುದು ಬೇರೆ.

ಅಷ್ಟು ಜಾಗಕ್ಕೆ ಎರಡೂವರೆ ಕೆಜಿ ಬೀಜ ಸಾಕು. ಸರ್ಟಿಫೈಡ್ ಬೀಜ ದುಬಾರಿ ಅನ್ನಿಸಿತು. ಸಂತೆಯಲ್ಲಿ ಬಿಡಿ ಬೀಜ ತೂಗಿಸಿಕೊಂಡು ಬಂದು ಅಕ್ಟೋಬರ್ ಕೊನೆಗೆ ಬಿತ್ತಿದೆ. ಎರಡು ತಿಂಗಳಿಗೆ ಮೊದಲ ಕೊಯ್ಲು. ಹಸಿದ ಹಸುವಿಗೆ ಬರೀ ಇದನ್ನೇ ಹಾಕಿದರೆ ಹೊಟ್ಟೆ ಉಬ್ಬುತ್ತದೆ. ಹಾಗಾಗಿ ಬಾಡಿಸಿ, ರಾಗಿಹುಲ್ಲಿನ ಜೊತೆ ಬೆರೆಸಿ ಕೊಡುತ್ತಿದ್ದೆ. ಅದೊಂದು ಸರಿಯಾಗಿ ಮಾಡಿದೆ.

ಎರಡನೇ ಕೊಯ್ಲಿನ ಹೊತ್ತಿಗೆ ಕಾಲುವೆ ಪಕ್ಕ ಊಟದ ತಟ್ಟೆಯಷ್ಟಗಲ ಹಳದಿ ಕಂಡಿತು. ಎಲೆ ಇಲ್ಲ. ಶಾವಿಗೆಯಂಥ ಎಳೆಗಳು ಗಿಡಕ್ಕೆ ಸುತ್ತಿಕೊಂಡಿದ್ದವು. ಬಿಡಿಸಿ ನೋಡಿದರೆ ಕಾಂಡಕ್ಕೆ ಸಣ್ಣ ಸಣ್ಣ ಗಂಟು ಕಚ್ಚಿಕೊಂಡಿದೆ, ರಸ ಹೀರುವುದು ಅಲ್ಲಿಂದ. ಕಸ್ಕ್ಯೂಟ ಅನ್ನೋ ಪರಾವಲಂಬಿ ಕಳೆ, ಸಂತೆಯ ಬಿಡಿ ಬೀಜದಲ್ಲಿ ಬೆರೆತು ಬಂದಿದ್ದು. ಇಷ್ಟೇ ಅಲ್ವಾ ಅಂತ ಸುಮ್ನೆ ಬಿಟ್ಟೆ.

ನಾಲ್ಕನೇ ಕೊಯ್ಲಿಗೆ ಅದು ಚಾಪೆಯಷ್ಟಾಗಿ, ಬಿಳಿ ಹೂ ಬಿಟ್ಟು ಕಾಯಿ ಕಟ್ಟಿತ್ತು. "ಸೊಪ್ಪೇನಪ್ಪಾ ಇಷ್ಟು ನೂಲುನೂಲು?" ಅಂದರು ಅಮ್ಮ. ಹಸು ತಿನ್ನುತ್ತೆ ಬಿಡಮ್ಮ ಅಂದೆ. ತಿಂದವು ಕೂಡ. ಆಮೇಲೆ ಆ ಜಾಗವನ್ನು ಒಂದು ಮೊಳ ಆಚೆವರೆಗೂ ನೆಲಮಟ್ಟಕ್ಕೆ ಕೊಯ್ದು, ಅಲ್ಲೇ ಒಣಗಿಸಿ ಸುಟ್ಟೆ. ಮುಗಿಯಿತು ಅಂದುಕೊಂಡೆ.

ಮುಂದಿನ ವರ್ಷ ಮೆಣಸಿನಕಾಯಿ ಹೊಲದಲ್ಲೂ ಅದೇ ಹಳದಿ ಎಳೆ! ಅಲ್ಲಿಗೆ ಹೊಡೆದಿದ್ದು ನಮ್ಮ ತಿಪ್ಪೆಯ ಗೊಬ್ಬರ. ಇದರ ಬೀಜ ಹಸುವಿನ ಹೊಟ್ಟೆಯಲ್ಲೂ ಸಾಯುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಗಾಡಿ ಕಟ್ಟಿಕೊಂಡು ಹೋಗಿ ನಾನೇ ಬಿತ್ತಿದ ಹಾಗಾಯಿತು.

ಸುಟ್ಟ ಜಾಗಕ್ಕೆ ಮತ್ತೆ ಕುದುರೆ ಮಸಾಲೆಯನ್ನೇ ಬಿತ್ತಿದ್ದು ಇನ್ನೊಂದು ದಡ್ಡತನ. ಮೊಳಕೆ ಬಂದು ಸೊರಗಿತು. ಹಳೇ ಗಿಡಗಳು ಮಣ್ಣಿಗೆ ಬಿಡುವ ರಸವೇ ಹೊಸ ಸಸಿಯನ್ನು ಏಳಗೊಡುವುದಿಲ್ಲವಂತೆ. ಕೊನೆಗೆ ಪೂರ್ತಿ ಉತ್ತು ಮುಸುಕಿನ ಜೋಳ ಹಾಕಿದೆ. ಹುಲ್ಲಿನ ಜಾತಿಯ ಬೆಳೆಗೆ ಕಸ್ಕ್ಯೂಟ ಹತ್ತುವುದಿಲ್ಲ. ಕುದುರೆ ಮಸಾಲೆ ಕೂಡಿಟ್ಟ ಸಾರಜನಕ ಇತ್ತಲ್ಲ, ಯೂರಿಯಾ ಕಡಿಮೆ ಹಾಕಿದರೂ ಜೋಳ ಕಪ್ಪುಹಸಿರಾಗಿ ನಿಂತಿತು. ಎರಡು ವರ್ಷದ ಪಾಡಿನಲ್ಲಿ ಸಿಕ್ಕ ಖುಷಿ ಅದೊಂದೇ.

ಈಗ ಬೇರೆ ಹೊಲದಲ್ಲಿ ಸರ್ಟಿಫೈಡ್ ಬೀಜದ್ದೇ ಬೆಳೆ. ಆದರೂ ಮೇವು ಕೊಯ್ಯಲು ಹೋಗುವಾಗ ಕುಡುಗೋಲಿನ ಜೊತೆ ಬೆಂಕಿಪೊಟ್ಟಣವೂ ಜೇಬಿನಲ್ಲಿರುತ್ತದೆ.