ಕೆಲವೇ ತಿಂಗಳು ಹಾರ್ಮೋನ್ ತಗೊಂಡು ನಿಲ್ಲಿಸಬಹುದಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ. "ನನಗೆ ಪೂರ್ತಿ ಹೆಣ್ಣಾಗಿ ಬದುಕುವ ಯೋಚನೆ ಇಲ್ಲ. ಹೆಸರು ಬದಲಿಸಲ್ಲ, ಆಪರೇಷನ್ ಬೇಡ, ಮನೆಯಲ್ಲಿ ಹೇಳೋ ಧೈರ್ಯವೂ ಇಲ್ಲ. ಆದರೆ ಈಸ್ಟ್ರೋಜನ್, ಅಂದರೆ ಹೆಣ್ಣಿನ ಹಾರ್ಮೋನ್, ತಗೊಂಡರೆ ಹೇಗಿರುತ್ತೆ ಅಂತ ವರ್ಷಗಟ್ಟಲೆಯಿಂದ ತಲೆಯಲ್ಲಿ ಕೊರೀತಿದೆ. ಮೂರೋ ಆರೋ ತಿಂಗಳು ತಗೊಂಡು ಬಿಟ್ಟುಬಿಡಬಹುದಾ?" ನಾನು ಸ್ವಲ್ಪ ಕಾಲ ತಗೊಂಡು, ಸಾಕು ಅನ್ನಿಸಿ ನಿಲ್ಲಿಸಿದ್ದೇನೆ. ಅದು ಗೊತ್ತಿರುವವರು ನನ್ನನ್ನೇ ಹುಡುಕಿಕೊಂಡು ಬಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲೇ ಪೂರ್ತಿ ಬರೆಯುತ್ತೇನೆ. ಇದು ಹದಿನೆಂಟು ದಾಟಿದವರಿಗೆ ಮಾತ್ರ ಬರೆದದ್ದು.

ನೇರ ಉತ್ತರ: ತಗೊಳ್ಳಬಹುದು, ನಿಲ್ಲಿಸಲೂಬಹುದು. ಶುರು ಮಾಡಿದ ಮೇಲೆ ಕೊನೆಯವರೆಗೂ ಹೋಗಲೇಬೇಕು ಅಂತ ಯಾವ ನಿಯಮವೂ ಇಲ್ಲ. ಟ್ರಾನ್ಸ್ ಜನರ (ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅನ್ನಿಸುವವರ) ಆರೋಗ್ಯಕ್ಕಾಗಿ ಜಗತ್ತಿನಾದ್ಯಂತ ವೈದ್ಯರು ನೋಡುವ ವರ್ಲ್ಡ್ ಪ್ರೊಫೆಷನಲ್ ಅಸೋಸಿಯೇಷನ್ ಫಾರ್ ಟ್ರಾನ್ಸ್‌ಜೆಂಡರ್ ಹೆಲ್ತ್ ಸಂಸ್ಥೆಯ ಮಾರ್ಗಸೂಚಿಯ 8ನೇ ಆವೃತ್ತಿ 2022ರಲ್ಲಿ ಬಂತು. ಅದರಲ್ಲಿ ನಾನ್‌ಬೈನರಿ, ಅಂದರೆ ಪೂರ್ತಿ ಗಂಡೂ ಅಲ್ಲ ಪೂರ್ತಿ ಹೆಣ್ಣೂ ಅಲ್ಲ ಅನ್ನಿಸುವ, ಜನರಿಗಾಗಿಯೇ ಒಂದು ಅಧ್ಯಾಯ ಇದೆ. ಎಲ್ಲರಿಗೂ ಒಂದೇ ದಾರಿ, ಒಂದೇ ಕೊನೆ ಇರಲ್ಲ ಅನ್ನುವುದನ್ನು ವೈದ್ಯಲೋಕವೂ ಒಪ್ಪಿದೆ. ಹಾಗಾಗಿ "ನಾನು ಅಷ್ಟೊಂದು ಟ್ರಾನ್ಸ್ ಅಲ್ಲ, ನನಗೆ ಕೇಳೋ ಹಕ್ಕೇ ಇಲ್ಲ" ಅಂತ ಹಿಂಜರಿಯುತ್ತಿದ್ದರೆ, ಆ ಹಿಂಜರಿಕೆ ಬಿಡಿ.

ಆದರೆ "ಎಷ್ಟು ತಿಂಗಳು" ಅನ್ನುವ ಲೆಕ್ಕದಿಂದ ಈ ವಿಷಯ ಯೋಚಿಸಲು ಹೊರಟರೆ ದಾರಿ ತಪ್ಪುತ್ತದೆ. ಯಾಕಂದ್ರೆ ದೇಹದಲ್ಲಿ ಆಗುವ ಬದಲಾವಣೆಗಳಲ್ಲಿ ಬಹಳಷ್ಟು ನಿಲ್ಲಿಸಿದ ಮೇಲೆ ಹಿಂದಕ್ಕೆ ಹೋಗುತ್ತವೆ, ಎರಡರ ವಿಷಯದಲ್ಲಿ ಮಾತ್ರ ಆ ಭರವಸೆ ಇಲ್ಲ. ಒಂದು ಮೊಲೆ. ಇನ್ನೊಂದು ಮಕ್ಕಳಾಗುವ ಶಕ್ತಿ. ನಿಮ್ಮ ನಿರ್ಧಾರ ಈ ಎರಡರ ಮೇಲೆ ನಿಲ್ಲಬೇಕು.

ಮೊದಲು ಹಿಂದಕ್ಕೆ ಹೋಗುವವನ್ನು ಹೇಳಿ ಮುಗಿಸುತ್ತೇನೆ. ಒಂದರಿಂದ ಮೂರು ತಿಂಗಳೊಳಗೆ ಲೈಂಗಿಕ ಆಸಕ್ತಿ ಕಡಿಮೆಯಾಗುತ್ತದೆ, ಬೆಳಗ್ಗೆ ತಾನಾಗಿಯೇ ಆಗುತ್ತಿದ್ದ ನಿಮಿರುವಿಕೆಯೂ ಕಡಿಮೆಯಾಗುತ್ತದೆ. ಮೂರರಿಂದ ಆರು ತಿಂಗಳಲ್ಲಿ ಚರ್ಮದ ಎಣ್ಣೆ ಇಳಿದು ಮೃದುವಾಗುತ್ತದೆ, ತೋಳಿನ ಬಲ ಸ್ವಲ್ಪ ಕುಗ್ಗುತ್ತದೆ, ಕೊಬ್ಬು ಸೊಂಟ ತೊಡೆಗಳ ಕಡೆ ಸೇರತೊಡಗುತ್ತದೆ. ಬೆವರಿನ ವಾಸನೆ ಬದಲಾಯಿತು ಅಂತ ಬಹಳ ಜನ ಹೇಳುತ್ತಾರೆ, ನನಗೂ ಹಾಗೇ ಆಯಿತು. ಮೈಮೇಲಿನ ಕೂದಲು ತೆಳುವಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಗಡ್ಡ ಹೋಗಲ್ಲ, ಅದಕ್ಕೆ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ಸೇ (ಕೂದಲಿನ ಬೇರನ್ನು ವಿದ್ಯುತ್ತಿನಿಂದ ಸುಡುವುದು) ಗತಿ. ಧ್ವನಿ ಒಂದಿಷ್ಟೂ ಬದಲಾಗಲ್ಲ. ಕನ್ನಡಿಯಲ್ಲಿ ಬೇರೆ ಮುಖ ಕಾಣುತ್ತದೆ ಅಂತ ಕಾಯುವವರಿಗೆ ಆರು ತಿಂಗಳು ತುಂಬಾ ಕಡಿಮೆ. ಕೊಬ್ಬು ಪೂರ್ತಿ ಜಾಗ ಬದಲಿಸಲು ಎರಡು ಮೂರು ವರ್ಷವೇ ಬೇಕು.

ಈಗ ಮೊಲೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ "ಸ್ವಲ್ಪ ದಿನ ನೋಡೋಣ" ಅನ್ನುವವರು ಸಿಕ್ಕಿಬೀಳುವುದು ಇಲ್ಲೇ. ಬೆಳವಣಿಗೆ ಮೂರರಿಂದ ಆರು ತಿಂಗಳಲ್ಲಿ ಶುರುವಾಗುತ್ತದೆ ಅಂತ ಮಾರ್ಗಸೂಚಿಗಳು ಹೇಳುತ್ತವೆ, ಕೆಲವರಿಗೆ ಅದಕ್ಕೂ ಮೊದಲೇ ಗೊತ್ತಾಗುತ್ತದೆ. ಶುರುವಾಗುವುದು ಕಣ್ಣಿಗೆ ಕಾಣುವ ಹಾಗಲ್ಲ. ತೊಟ್ಟಿನ ಹಿಂದೆ, ಒಳಗಡೆ, ಅಂಗಿಯ ಗುಂಡಿಯಷ್ಟು ಅಗಲದ ಒಂದು ಗಟ್ಟಿ ಗಂಟು. ಬೆರಳಿಟ್ಟರೆ ಜಾರುತ್ತದೆ, ಒತ್ತಿದರೆ ನೋಯುತ್ತದೆ. ಬೋರಲು ಮಲಗಲು ಆಗಲ್ಲ. ಯಾರಾದರೂ ಅಪ್ಪಿಕೊಂಡರೆ ಹಲ್ಲು ಕಚ್ಚಿಕೊಳ್ಳಬೇಕಾಗುತ್ತದೆ. ಬಾಗಿಲಿನ ಅಂಚು ತಾಗಿದರೆ ಕಣ್ಣಲ್ಲಿ ನೀರು. ಒಂದು ಕಡೆ ಮೊದಲು, ಇನ್ನೊಂದು ಕಡೆ ಆಮೇಲೆ ಬಂದರೆ ಗಾಬರಿಯಾಗಬೇಡಿ. ಆ ಗಂಟು ಬಂತು ಅಂದರೆ ಗ್ರಂಥಿಯ ಅಂಗಾಂಶ ಬೆಳೆಯತೊಡಗಿದೆ ಅಂತ ಅರ್ಥ. ಔಷಧಿ ನಿಲ್ಲಿಸಿದರೆ ನೋವು ಹೋಗುತ್ತದೆ, ಮೇಲಿನ ಕೊಬ್ಬು ಕರಗಿ ಗಾತ್ರ ಸ್ವಲ್ಪ ಇಳಿಯಲೂಬಹುದು. ಆದರೆ ಬೆಳೆದ ಅಂಗಾಂಶ ಉಳಿಯುತ್ತದೆ. ತೆಗೆಸಲೇಬೇಕು ಅಂದರೆ ಆಪರೇಷನ್ ಒಂದೇ ದಾರಿ. ಕೆಲವು ತಿಂಗಳಲ್ಲಿ ನಿಲ್ಲಿಸಿದರೆ ಸಡಿಲ ಅಂಗಿಯೊಳಗೆ ಮುಚ್ಚಿಹೋಗುವಷ್ಟೇ ಇರಬಹುದು. ಯಾರಿಗೆ ಎಷ್ಟು ಬೆಳೆಯುತ್ತದೆ ಅಂತ ಮೊದಲೇ ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ.

"ಹಾಗಾದರೆ ಕಡಿಮೆ ಡೋಸ್ ತಗೊಂಡರೆ?" ಮುಂದಿನ ಪ್ರಶ್ನೆ ಯಾವಾಗಲೂ ಇದೇ. ಚರ್ಮ ಮಾತ್ರ ಮೃದುವಾಗಿ, ಮನಸ್ಸು ಮಾತ್ರ ಹಗುರಾಗಿ, ಎದೆ ಮಾತ್ರ ಹಾಗೇ ಉಳಿಯುವ ಡೋಸ್ ಅಂತ ಒಂದಿಲ್ಲ. ಕಡಿಮೆ ಡೋಸ್ ಅಂದರೆ ಬಹಳ ಸಲ ಅದೇ ಬದಲಾವಣೆಗಳು ನಿಧಾನವಾಗಿ ಬರುತ್ತವೆ, ಅಷ್ಟೇ. ಮೊಲೆ ಬೆಳೆಯದಂತೆ ತಡೆಯಲು ಕೆಲವರು ಮೂಳೆ ಸವೆತಕ್ಕೆ ಕೊಡುವ ರಾಲಾಕ್ಸಿಫೀನ್ ಮಾತ್ರೆಯ ಬಗ್ಗೆ ಕೇಳುತ್ತಾರೆ. ಈ ಬಳಕೆಗೆ ಆಧಾರ ಬಹಳ ಕಡಿಮೆ, ಮತ್ತು ಆ ಮಾತ್ರೆಯೇ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ಇನ್ನು ಕೆಲವರು ಈಸ್ಟ್ರೋಜನ್ ಬಿಟ್ಟು, ಗಂಡಿನ ಹಾರ್ಮೋನ್ ಆದ ಟೆಸ್ಟೋಸ್ಟೆರೋನ್ ತಡೆಯುವ ಮಾತ್ರೆ ಮಾತ್ರ ನುಂಗುತ್ತಾರೆ. ದೇಹಕ್ಕೆ ಎರಡರಲ್ಲಿ ಒಂದು ಹಾರ್ಮೋನ್ ಸಾಕಷ್ಟು ಬೇಕೇ ಬೇಕು. ಎರಡೂ ತಳ ಸೇರಿದರೆ ಸುಸ್ತು, ಮೈ ಬಿಸಿಯೇರುವುದು, ಹಾಗೇ ಮುಂದುವರಿದರೆ ಮೂಳೆ ಟೊಳ್ಳಾಗುವುದು. ಅದು ಸುರಕ್ಷಿತ ಅರ್ಧದಾರಿ ಅಲ್ಲ.

ಮಕ್ಕಳ ವಿಷಯ. ಹಾರ್ಮೋನ್ ತಗೊಳ್ಳುವಾಗ ವೀರ್ಯಾಣು ಉತ್ಪತ್ತಿ ಕುಸಿಯುತ್ತದೆ, ಬೀಜಗಳ ಗಾತ್ರವೂ ಕುಗ್ಗುತ್ತದೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹಾಗಾಗಿ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅನೇಕರಿಗೆ ಮರಳಿ ಬರುತ್ತದೆ. ನಿಮಗೆ ಬಂದೇ ಬರುತ್ತದೆ ಅಂತ ಯಾರೂ ಬರೆದುಕೊಡಲಾರರು. ಮುಂದೆಂದಾದರೂ ಮಗು ಬೇಕಾಗಬಹುದು ಅನ್ನುವ ಸಣ್ಣ ಆಸೆ ಇದ್ದರೂ, ಮೊದಲ ಮಾತ್ರೆ ನುಂಗುವ ಮುಂಚೆಯೇ ವೀರ್ಯ ಶೇಖರಿಸಿಡಿ. "ನಾನು ತಗೊಳ್ಳೋದು ಸ್ವಲ್ಪ ದಿನ ತಾನೇ" ಅಂತ ಇದನ್ನು ಬಿಟ್ಟುಬಿಡುವವರೇ ಜಾಸ್ತಿ, ದಯವಿಟ್ಟು ಬಿಡಬೇಡಿ. ಹಾಗೇ ಉಲ್ಟಾ ಮಾತೂ ನಿಜ: ಹಾರ್ಮೋನ್ ಗರ್ಭನಿರೋಧಕ ಅಲ್ಲ. ಸಂಗಾತಿ ಬಸಿರಾಗುವ ಸಾಧ್ಯತೆ ಇದ್ದರೆ ಎಚ್ಚರಿಕೆ ಇರಲಿ.

ಮನಸ್ಸಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಬಹಳಷ್ಟು ಜನರ ನಿಜವಾದ ಪ್ರಶ್ನೆ ಅಲ್ಲೇ ಇರುತ್ತದೆ. ಹಾರ್ಮೋನ್ ತಗೊಂಡಾಗ ನೆಮ್ಮದಿ ಸಿಕ್ಕರೆ ನಾನು ಟ್ರಾನ್ಸ್, ಸಿಗದಿದ್ದರೆ ಅಲ್ಲ, ಪರೀಕ್ಷೆ ಮುಗಿಯಿತು ಅಂತ ಅವರು ಅಂದುಕೊಂಡಿರುತ್ತಾರೆ. ಹಾಗಾಗಲ್ಲ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ವಿಷಯಕ್ಕೆ ಕೊನೆಗೂ ಏನೋ ಒಂದು ಮಾಡಿದೆ ಅನ್ನುವ ಸಮಾಧಾನವೇ ಮೊದಲ ವಾರಗಳಲ್ಲಿ ತೇಲಿಸಿಬಿಡುತ್ತದೆ. ಕಾಮದ ಒತ್ತಡ ಇಳಿದಾಗ ಸಿಗುವ ಶಾಂತಿ ಬೇರೆಯೇ ಒಂದು. ಕೆಲವರಿಗೆ ಅಳು ಬೇಗ ಬರುತ್ತದೆ, ಕೆಲವರಿಗೆ ಮಂಕು ಕವಿಯುತ್ತದೆ. ಇವೆಲ್ಲ ಒಟ್ಟಿಗೇ ಬರುವಾಗ ಯಾವುದರಿಂದ ಯಾವುದು ಅಂತ ಬೇರ್ಪಡಿಸುವುದು ಕಷ್ಟ. ನನಗೆ ಸಿಕ್ಕ ನೆಮ್ಮದಿ ನಿಜವೇ ಆಗಿತ್ತು, ಆದರೂ ನಾನು ನಿಲ್ಲಿಸಿದೆ, ಎರಡೂ ಒಟ್ಟಿಗೆ ನಿಜವಾಗಿರಬಹುದು. ಆ ಕಾಲದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ನಿದ್ದೆ, ಹಸಿವು, ಕೋಪ, ಎದೆಯ ನೋವು, ಕನ್ನಡಿ ನೋಡಿದಾಗ ಏನನ್ನಿಸಿತು ಅಂತ ಎರಡು ಸಾಲು ಬರೆದಿಡುತ್ತಿದ್ದೆ. ನೆನಪು ನಮಗೆ ಬೇಕಾದ ಹಾಗೆ ತಿರುಚಿಕೊಳ್ಳುತ್ತದೆ, ಬರೆದದ್ದು ಹಾಗೆ ಮಾಡಲ್ಲ. ಹಾರ್ಮೋನ್ ಇಲ್ಲದೆಯೂ ನೋಡಬಹುದಾದ್ದು ಬಹಳ ಇದೆ: ಬಟ್ಟೆ, ಗಡ್ಡದ ಲೇಸರ್, ಧ್ವನಿ ಅಭ್ಯಾಸ, ನಂಬುವ ಒಬ್ಬರ ಬಾಯಲ್ಲಿ ಬೇರೆ ಹೆಸರಲ್ಲಿ ಕರೆಸಿಕೊಳ್ಳುವುದು. ಇವನ್ನೂ ಜೊತೆಗೆ ನೋಡಿ ಅನ್ನುತ್ತೇನೆ, ಹಾರ್ಮೋನ್ ಬದಲಿಗೆ ಅಂತಲ್ಲ.

ಇನ್ನು ಔಷಧಿ. ಇಲ್ಲಿ ಡೋಸ್ ಬರೆಯಲ್ಲ, ಕೇಳಲೂಬೇಡಿ. ಕಡಿಮೆ ಅವಧಿಗೆ ಅಂದ ಮಾತ್ರಕ್ಕೆ ಅಪಾಯ ಕಡಿಮೆ ಅಂತಲ್ಲ, ಏಕೆಂದರೆ ರಕ್ತ ಹೆಪ್ಪುಗಟ್ಟುವುದು ಮೊದಲ ತಿಂಗಳುಗಳಲ್ಲೂ ಆಗಬಹುದು. ಗರ್ಭನಿರೋಧಕ ಮಾತ್ರೆ ಸುಲಭವಾಗಿ ಸಿಗುತ್ತದೆ ಅಂತ ಅದನ್ನೇ ನುಂಗುವವರಿದ್ದಾರೆ. ಅಂಥ ಬಹಳಷ್ಟು ಮಾತ್ರೆಗಳಲ್ಲಿರುವುದು ಎಥಿನೈಲ್ ಈಸ್ಟ್ರಡಯಾಲ್ ಅನ್ನುವ ಕೃತಕ ಈಸ್ಟ್ರೋಜನ್. ಹೆಪ್ಪುಗಟ್ಟುವ ಅಪಾಯ ಜಾಸ್ತಿ ಅಂತಲೇ ಈ ಚಿಕಿತ್ಸೆಯಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಈಗ ಕೊಡುವುದು ದೇಹದಲ್ಲೇ ಇರುವ ಬಗೆಯ ಈಸ್ಟ್ರೋಜನ್ ಆದ ಈಸ್ಟ್ರಡಯಾಲ್. ಚರ್ಮದ ಮೇಲೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್‌ನಲ್ಲಿ ಆ ಅಪಾಯ ಮಾತ್ರೆಗಿಂತ ಕಡಿಮೆ. ಸಿಗರೇಟು ಸೇದುವವರು, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಕಣ್ಣ ಮುಂದೆ ಬೆಳಕಿನ ಗೆರೆ ಕಾಣಿಸಿಕೊಂಡು ಮೈಗ್ರೇನ್ ಬರುವವರು ವೈದ್ಯರಿಗೆ ಇದನ್ನು ಮೊದಲೇ ಹೇಳಬೇಕು. ಟೆಸ್ಟೋಸ್ಟೆರೋನ್ ತಡೆಯುವವುಗಳಲ್ಲಿ ಸ್ಪೈರೋನೊಲ್ಯಾಕ್ಟೋನ್ ಬಿಪಿ ಇಳಿಸುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು. ಬೈಕಲುಟಮೈಡ್‌ನಿಂದ ಲಿವರ್‌ಗೆ ಪೆಟ್ಟು ಬೀಳಬಹುದು. ಸೈಪ್ರೊಟೆರೋನ್ ಹೆಚ್ಚು ಡೋಸ್‌ನಲ್ಲಿ ಹೆಚ್ಚು ಕಾಲ ತಗೊಂಡರೆ ಮೆದುಳಿನ ಹೊದಿಕೆಯಲ್ಲಿ ಗಡ್ಡೆ ಬರುವ ಅಪಾಯ ಇದೆ ಅಂತ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅದರ ಬಳಕೆಗೆ ಮಿತಿ ಹಾಕಿತು. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ರಕ್ತ ಪರೀಕ್ಷೆ ಮಾಡಿಸಿಕೊಂಡು, ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಅಥವಾ ಇದರಲ್ಲಿ ಅನುಭವ ಇರುವ ವೈದ್ಯರ ಕೈಯಲ್ಲಿ ತಗೊಳ್ಳಿ ಅಂತ ಹೇಳುತ್ತಿದ್ದೇನೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಅನ್ನುವುದು ಸಾಮಾನ್ಯ ಕ್ರಮ. ನೀವು ಆರೇ ತಿಂಗಳು ತಗೊಂಡರೂ ಅದು ತಪ್ಪಬಾರದು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋವು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಎಮರ್ಜೆನ್ಸಿಗೆ ಹೋಗಿ, ಏನು ತಗೊಳ್ಳುತ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ.

ವೈದ್ಯರ ಹತ್ತಿರ "ಪೂರ್ತಿ ಟ್ರಾನ್ಸಿಷನ್ ಬೇಕು" ಅಂತ ಸುಳ್ಳು ಹೇಳುವವರನ್ನು ನೋಡಿದ್ದೇನೆ. ಹಾಗೆ ಹೇಳದಿದ್ದರೆ ಕೊಡಲ್ಲ ಅನ್ನುವ ಭಯ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಸುಳ್ಳು ಹೇಳಿದರೆ ಅವರು ಪೂರ್ತಿ ಬದಲಾವಣೆಗೆ ತಕ್ಕ ಡೋಸ್ ಬರೆಯುತ್ತಾರೆ, ಪೂರ್ತಿ ಬದಲಾವಣೆಯ ಗುರಿಯಿಟ್ಟು ರಿಪೋರ್ಟ್ ನೋಡುತ್ತಾರೆ. ನಿಮಗೆ ಬೇಕಾದ್ದು ಅದಲ್ಲವಲ್ಲ. ಯಾವ ಬದಲಾವಣೆ ಬೇಕು, ಯಾವುದು ಬಂದರೂ ಪರವಾಗಿಲ್ಲ, ಯಾವುದು ಬೇಡವೇ ಬೇಡ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರನ್ನು ಹುಡುಕಿ.

ನಿಲ್ಲಿಸುವುದನ್ನೂ ಅವರ ಜೊತೆ ಮಾತಾಡಿಯೇ ಮಾಡಿ. ದೇಹ ಮತ್ತೆ ತನ್ನ ಟೆಸ್ಟೋಸ್ಟೆರೋನ್ ತಯಾರಿಸಲು ವಾರಗಳಿಂದ ತಿಂಗಳುಗಳವರೆಗೆ ಹಿಡಿಯಬಹುದು. ಆ ನಡುವಿನ ಕಾಲದಲ್ಲಿ ಸುಸ್ತು, ಸಿಡುಕು, ಕಾರಣವಿಲ್ಲದ ಬೇಸರ ಬರಬಹುದು. ಇದು ಬರುತ್ತದೆ ಅಂತ ಗೊತ್ತಿರುವ ಒಬ್ಬರಾದರೂ ಹತ್ತಿರ ಇರಲಿ. ಕೆಲವು ತಿಂಗಳಾದ ಮೇಲೆ ಹಾರ್ಮೋನ್ ಮಟ್ಟ ಇನ್ನೊಮ್ಮೆ ನೋಡಿಸಿ, ಮಗುವಿನ ಯೋಚನೆ ಇದ್ದರೆ ವೀರ್ಯ ಪರೀಕ್ಷೆಯನ್ನೂ ಮಾಡಿಸಿ. ಮತ್ತೆ ಬೇಕು ಅನ್ನಿಸಿದರೆ ಮತ್ತೆ ಶುರು ಮಾಡಬಹುದು, ಹಾಗೆ ಮಾಡುವವರೂ ಇದ್ದಾರೆ. ಆಗಲೂ ಉಳಿದಿರುವ ಹಳೇ ಸ್ಟ್ರಿಪ್ಪಿನಿಂದ ನೇರವಾಗಿ ನುಂಗದೆ, ಮೊದಲ ಸಲದ ಹಾಗೆಯೇ ರಕ್ತ ಪರೀಕ್ಷೆಯಿಂದ ಶುರು ಮಾಡಿ.