ಹಾಲು ಕಾಯಿಸಿ ಕುಡೀತೀರಾ ಅಂತ ಕೇಳಿ ಡಾಕ್ಟ್ರೇ

ನಾನು ಪಶುವೈದ್ಯೆ. ಕೊಟ್ಟಿಗೆಗೆ ಟಿಬಿ ಪರೀಕ್ಷೆಗೆ ಹೋದಾಗೆಲ್ಲ ಕೇಳುವ ಮಾತು ಒಂದೇ: "ಹಸು ಚೆನ್ನಾಗಿ ಮೇಯ್ತಿದೆ, ಹಾಲೂ ಕೊಡ್ತಿದೆ, ಇದಕ್ಕೇನು ರೋಗ?" ಅವರು ಹೇಳುವುದು ನಿಜವೇ. ದನದ ಕ್ಷಯ ಎಷ್ಟೋ ಕಾಲ ಹೊರಗೆ ಕಾಣಿಸುವುದೇ ಇಲ್ಲ. ಹಸು ಸೊರಗಿ, ಕೆಮ್ಮಲು ಶುರು ಮಾಡುವ ಹೊತ್ತಿಗೆ ಪಕ್ಕದಲ್ಲಿ ಕಟ್ಟಿದ ದನಕ್ಕೂ ಉಸಿರಿನಿಂದ ಅಂಟಿರಬಹುದು.

ಅದಕ್ಕೇ ಚರ್ಮದ ಪರೀಕ್ಷೆ. ಕತ್ತಿನ ಹತ್ತಿರ ಕೂದಲು ಕತ್ತರಿಸಿ, ಚರ್ಮದ ಮಡಿಕೆಯ ದಪ್ಪ ಅಳೆದು, ಟ್ಯೂಬರ್ಕ್ಯುಲಿನ್ (ಟಿಬಿ ರೋಗಾಣುವಿನಿಂದ ತೆಗೆದ ಪ್ರೋಟೀನು) ಚುಚ್ಚುತ್ತೇನೆ. 72 ಗಂಟೆ ಬಿಟ್ಟು ಮತ್ತೆ ಅಳೆಯುತ್ತೇನೆ. ಅಲ್ಲಿ ಊದಿದ್ದರೆ ಟಿಬಿ ಸೋಂಕಿನ ಸೂಚನೆ. ಊತ ಬೆರಳಿಗೆ ಸಿಕ್ಕಿದ ಕೂಡಲೇ ಮನೆಯವರಿಗೂ ಗೊತ್ತಾಗಿಬಿಡುತ್ತದೆ. ಆ ಹಸುವನ್ನು ಹಿಂಡಿನಿಂದ ತೆಗೆಯಬೇಕು ಎಂದು ಹೇಳುವುದು ನನ್ನ ಕೆಲಸದ ಅತಿ ಕಷ್ಟದ ಭಾಗ. ಸರಿಯಾದ ಪರಿಹಾರ ಕೊಡದೆ ಹಸು ಬಿಟ್ಟುಕೊಡಿ ಎಂದರೆ ಯಾರು ತಾನೇ ಒಪ್ಪುತ್ತಾರೆ? ಕದ್ದು ಮಾರುತ್ತಾರೆ, ರೋಗ ಇನ್ನೊಂದು ಕೊಟ್ಟಿಗೆಗೆ ಹೋಗುತ್ತದೆ.

ಈ ರೋಗಾಣುವಿನ ಹೆಸರು ಮೈಕೋಬ್ಯಾಕ್ಟೀರಿಯಂ ಬೋವಿಸ್. ಮನುಷ್ಯರ ಟಿಬಿ ರೋಗಾಣುವಿಗೆ ತೀರಾ ಹತ್ತಿರದ ಸಂಬಂಧಿ. ಹಸಿ ಹಾಲಿನಿಂದ ಮನುಷ್ಯರಿಗೆ ಬಂದರೆ ಹೆಚ್ಚಾಗಿ ಶ್ವಾಸಕೋಶಕ್ಕಲ್ಲ, ಕುತ್ತಿಗೆಯ ಗಂಟುಗಳಿಗೆ, ಕರುಳಿಗೆ ಹಿಡಿಯುತ್ತದೆ. ಕಫವೇ ಇಲ್ಲದ ಟಿಬಿಯನ್ನು ಕಫದಲ್ಲಿ ಹುಡುಕಿದರೆ ಸಿಗುತ್ತಾ? ಸಿಕ್ಕರೂ ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಚಿಕಿತ್ಸೆಯಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಟಿಬಿಗೆ ಮೊದಲು ಕೊಡುವ ಮುಖ್ಯ ಔಷಧಿಗಳಲ್ಲಿ ಒಂದಾದ ಪೈರಜಿನಮೈಡ್ ಬೋವಿಸ್ ಮೇಲೆ ಕೆಲಸವೇ ಮಾಡುವುದಿಲ್ಲ, ಅದು ಹುಟ್ಟಿನಿಂದಲೇ ಹಾಗೆ. ರೋಗಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳದಿದ್ದರೆ ಈ ವಿಷಯ ಹೊರಗೆ ಬರುವುದೇ ಇಲ್ಲ.

ಈ ಕಡೆಗಣನೆ ಇವತ್ತಿನದಲ್ಲ. ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಖ್ ಅವರೇ 1901ರಲ್ಲಿ ಲಂಡನ್ನಿನಲ್ಲಿ, ದನದ ಟಿಬಿಯಿಂದ ಜನರಿಗೆ ಅಂಥ ಅಪಾಯವಿಲ್ಲ ಎಂದರು. ಬ್ರಿಟನ್ ನೇಮಿಸಿದ ಆಯೋಗ ವರ್ಷಗಟ್ಟಲೆ ಪರೀಕ್ಷೆ ನಡೆಸಿ, 1911ರಲ್ಲಿ ಅದು ತಪ್ಪು ಎಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2016ರಲ್ಲಿ ಸುಮಾರು 1,47,000 ಜನರಿಗೆ ಪ್ರಾಣಿ ಮೂಲದ ಟಿಬಿ ಹೊಸದಾಗಿ ಬಂತು, 12,500 ಜನ ತೀರಿಕೊಂಡರು. ಹಾಲು ಕಾಯಿಸಿದರೆ ಸಾಯುವ ರೋಗಾಣುವಿನಿಂದ ಇಷ್ಟು ಸಾವು! ಹಾಲು ಬಿಸಿ ಮಾಡಿ ರೋಗಾಣು ಕೊಲ್ಲುವ ಪಾಶ್ಚರೀಕರಣದಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಸಾಕು.

ಹಾಲೊಂದೇ ದಾರಿಯಲ್ಲ ಎನ್ನುವುದೂ ನಿಜ. ರೋಗದ ದನದ ಉಸಿರಿನಿಂದ ಕೊಟ್ಟಿಗೆ ಕೆಲಸದವರಿಗೆ, ಕಸಾಯಿಖಾನೆಯವರಿಗೆ ಬರಬಹುದು. ಕಾಡುಪ್ರಾಣಿಗಳಲ್ಲಿ ನೆಲೆ ನಿಂತರಂತೂ ಓಡಿಸುವುದು ಬಹಳ ಕಷ್ಟ. ಬ್ರಿಟನ್ನಿನಲ್ಲಿ ಬ್ಯಾಡ್ಜರ್, ನ್ಯೂಜಿಲೆಂಡಿನಲ್ಲಿ ಪಾಸಮ್ ಜೊತೆ ಇನ್ನೂ ಹೋರಾಟ ನಡೆದಿದೆ. ಆದರೆ ಆಸ್ಟ್ರೇಲಿಯಾ ಪಟ್ಟು ಬಿಡದೆ ಪರೀಕ್ಷೆ ಮಾಡಿ 1997ರಲ್ಲಿ ಮುಕ್ತವಾಯಿತು. ಆಗದ ಕೆಲಸವೇನಲ್ಲ, ಅಲ್ವಾ?

ವೈದ್ಯ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಕುತ್ತಿಗೆ ಗಂಟು, ಹೊಟ್ಟೆಯ ಟಿಬಿ ಎಂದು ಯಾರಾದರೂ ಬಂದರೆ ದನ ಸಾಕಿದ್ದೀರಾ, ಹಾಲು ಕಾಯಿಸಿ ಕುಡೀತೀರಾ ಎಂದು ಕೇಳಿ. ಹೌದು, ದನವಿದೆ ಎಂದರೆ ನಮ್ಮಂಥವರಿಗೆ ಒಂದು ಫೋನ್ ಮಾಡಿ. ನಮ್ಮ ಪರೀಕ್ಷೆಯಲ್ಲಿ ದನಕ್ಕೆ ಊತ ಬಂದರೆ, ಆ ಮನೆಯವರನ್ನು ನಿಮ್ಮ ಹತ್ತಿರ ಕಳಿಸುವುದು ನಮ್ಮ ಜವಾಬ್ದಾರಿ.